ಚಳ್ಳಕೆರೆಯ ಶೇಂಗಾ ಹೊಲ, ಹವಾಮಾನ ಬದಲಾವಣೆ ಮತ್ತು ರಾಜ್ಯ ಸರ್ಕಾರದ ಕೆಲಸ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ನಾಲ್ಕು ಎಕರೆ ಖುಷ್ಕಿ ಜಮೀನು, ಶೇಂಗಾ ಹಾಕುತ್ತೇವೆ. ಮಳೆ ಮೊದಲಿನ ಹಾಗಿಲ್ಲ. ಬಂದರೆ ಒಂದೇ ಸಲ ಸುರಿಯುತ್ತೆ, ಇಲ್ಲದಿದ್ದರೆ ವಾರಗಟ್ಟಲೆ ಪತ್ತೆಯೇ ಇಲ್ಲ. ಹವಾಮಾನ ಬದಲಾವಣೆ ಅಂತ ಎಲ್ಲರೂ ಹೇಳುತ್ತಾರೆ. ದೇಶ ದೇಶಗಳು ಸಭೆ ಸೇರುತ್ತವೆ, ದೆಹಲಿಯವರು ಗುರಿ ಹಾಕಿಕೊಳ್ಳುತ್ತಾರೆ. ಇದರಲ್ಲಿ ನಮ್ಮ ರಾಜ್ಯ ಸರ್ಕಾರಕ್ಕೆ ಏನು ಕೆಲಸ? ಬರ ಬಂದಾಗ ಪರಿಹಾರ ಹಂಚೋದು ಬಿಟ್ಟು ಬೇರೇನಾದರೂ ಮಾಡುತ್ತಿದೆಯಾ? ನಮ್ಮಂಥವರು ಯಾರನ್ನು ಏನು ಕೇಳಬೇಕು?

ಉತ್ತರ: ಯಾರನ್ನು ಏನು ಕೇಳಬೇಕು ಅನ್ನೋದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಯಾರ ಕೈಲಿ ಏನಿದೆ ನೋಡೋಣ.

ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೇಂದ್ರದ್ದು. ಹೊಗೆ ಎಷ್ಟು ಕಡಿಮೆ ಮಾಡುತ್ತೇವೆ ಅಂತ ಜಗತ್ತಿಗೆ ಮಾತು ಕೊಡುವುದೂ ಕೇಂದ್ರವೇ. ಆದರೆ ಮಳೆ ತಪ್ಪಿದಾಗ, ಕಾವು ಏರಿದಾಗ ಪೆಟ್ಟು ಎಲ್ಲಿ ಬೀಳುತ್ತೆ? ನೀರಿನ ಮೇಲೆ, ಬೇಸಾಯದ ಮೇಲೆ, ಜಮೀನಿನ ಮೇಲೆ, ಜನರ ಆರೋಗ್ಯದ ಮೇಲೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಇವೆಲ್ಲ ರಾಜ್ಯ ಪಟ್ಟಿಯಲ್ಲಿವೆ. ಪಂಚಾಯಿತಿ, ನಗರಸಭೆಗಳೂ ಅಲ್ಲೇ ಇವೆ. ಕಾಡು ಮತ್ತು ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಇಬ್ಬರಿಗೂ ಸೇರಿದ್ದು. ಹಾಗಾಗಿ ನಿಮ್ಮ ಹೊಲದ ಮಟ್ಟಿಗೆ ನೋಡಿದರೆ ಜಾಸ್ತಿ ಕೆಲಸ ಇರುವುದು ವಿಧಾನಸೌಧಕ್ಕೇ.

ನೀವು ಹೇಳಿದ ಮಳೆಯ ಲಕ್ಷಣ ಸರಿಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಸುರಿಯುವಾಗ ಜೋರಾಗಿ ಸುರಿಯುತ್ತೆ, ನಡುವೆ ಒಣ ದಿನಗಳು ಉದ್ದವಾಗುತ್ತವೆ. ನಿಮ್ಮ ಜಿಲ್ಲೆಯಲ್ಲೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷದ ಮೇಲೆ ಈ ವಾಣಿವಿಲಾಸ ಸಾಗರ ತುಂಬಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ಮರುವರ್ಷವೇ ಬರ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಒಂದೇ ಒಂದು ಘಟನೆಯನ್ನು ಹಿಡಿದು ಇದು ಹವಾಮಾನ ಬದಲಾವಣೆಯಿಂದಲೇ ಆಯಿತು ಅಂತ ಹೇಳುವುದು ಸರಿಯಲ್ಲ. ಆದರೆ ಕೋಡಿ ಮತ್ತು ಬರ ಹೀಗೆ ಬೆನ್ನಿಗೆ ಬೆನ್ನಿಗೆ ಬರುವುದಕ್ಕೆ ಸರ್ಕಾರ ತಯಾರಿರಬೇಕು ಅನ್ನೋದರಲ್ಲಿ ಅನುಮಾನವೇ ಇಲ್ಲ.

ಈ ವಿಷಯವನ್ನು ಬಹಳ ಕಾಲದಿಂದ ಗಮನಿಸುತ್ತಾ ಬಂದವನಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ರಾಜ್ಯ ಮಳೆ ಅಳೆಯುವುದರಲ್ಲಿ ದೇಶಕ್ಕೇ ಮುಂದಿದೆ. ಹಾನಿಯಾದ ಮೇಲೆ ದುಡ್ಡು ಕೊಡುವುದರಲ್ಲಿ ಪರವಾಗಿಲ್ಲ. ಹಾನಿಯಾಗದ ಹಾಗೆ ಮೊದಲೇ ನೋಡಿಕೊಳ್ಳುವುದರಲ್ಲಿ ಬಹಳ ಹಿಂದಿದೆ. ಇದಕ್ಕೆ ಬರೀ ಅಧಿಕಾರಿಗಳ ಸೋಮಾರಿತನ ಕಾರಣ ಅನ್ನಲಾರೆ. ಹಣ ಹರಿಯುವ ದಾರಿಯೇ ಹಾಗಿದೆ.

ಕಾಗದದ ಮೇಲೆ ಯೋಜನೆ ಇದೆಯಾ ಅಂದರೆ ಇದೆ. 2008ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಎಂಟು ಮಿಷನ್‌ಗಳ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. ಆಮೇಲೆ ಪ್ರತಿ ರಾಜ್ಯವೂ ತನ್ನದೊಂದು ಯೋಜನೆ ಮಾಡಿಕೊಳ್ಳಬೇಕು ಎಂದಿತು. ನಮ್ಮಲ್ಲಿ ಆ ಕೆಲಸ ಬೆಂಗಳೂರಿನ ಪರಿಸರ ನಿರ್ವಹಣಾ ಮತ್ತು ನೀತಿ ಸಂಶೋಧನಾ ಸಂಸ್ಥೆಗೆ ಬಂತು. ಎಂಪ್ರಿ ಅಂತ ಕರೆಯುತ್ತಾರೆ. ಮೊದಲ ಯೋಜನೆಯಾದ ಮೇಲೆ ಅದನ್ನು ಪರಿಷ್ಕರಿಸಿದ್ದೂ ಆಯಿತು. ಯಾವ ಜಿಲ್ಲೆಗೆ ಅಪಾಯ ಜಾಸ್ತಿ, ಯಾವ ಇಲಾಖೆ ಏನು ಮಾಡಬೇಕು ಅನ್ನೋದೆಲ್ಲ ಅದರಲ್ಲಿದೆ. ತೊಂದರೆ ಏನೆಂದರೆ ಈ ಕಡತ ಅರಣ್ಯ, ಪರಿಸರ ಇಲಾಖೆಯದು. ಹಣ ಮತ್ತು ಸಿಬ್ಬಂದಿ ಇರುವುದು ಕಂದಾಯ, ಕೃಷಿ, ಸಣ್ಣ ನೀರಾವರಿ, ಇಂಧನ, ಗ್ರಾಮೀಣಾಭಿವೃದ್ಧಿ ಇಲಾಖೆಗಳಲ್ಲಿ. ಪರಿಸರ ಇಲಾಖೆ ಬರೆದ ಯೋಜನೆಗೆ ಇಂಧನ ಇಲಾಖೆ ತನ್ನ ಬಜೆಟ್ ಬದಲಿಸುತ್ತಾ? ಬದಲಿಸುವುದಿಲ್ಲ. ಆದ್ದರಿಂದ ಆ ಪುಸ್ತಕವನ್ನು ಬದಿಗಿಟ್ಟು ಈ ಇಲಾಖೆಗಳು ದಿನಾ ಮಾಡುವ ಕೆಲಸವನ್ನು ನೋಡಬೇಕು.

ಒಳ್ಳೆಯದರಿಂದ ಶುರು ಮಾಡೋಣ. 1988ರಲ್ಲಿ ಕರ್ನಾಟಕ ಬರದ ಮೇಲೆ ಕಣ್ಣಿಡಲು ಒಂದು ಘಟಕ ಮಾಡಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅದೇ ಬೆಳೆದು ಇವತ್ತು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ ಇಟ್ಟಿದ್ದಾರೆ. ಮಾಪಕಗಳೇ 6,000ಕ್ಕೂ ಜಾಸ್ತಿ ಇವೆ. ಇಷ್ಟು ದಟ್ಟವಾಗಿ ಮಳೆ ಅಳೆಯುವ ವ್ಯವಸ್ಥೆಯನ್ನು ಒಂದು ರಾಜ್ಯ ತಾನೇ ಕಟ್ಟಿಕೊಂಡಿರುವುದು ದೊಡ್ಡ ಸಾಧನೆ.

ನಿಮ್ಮ ಪಂಚಾಯಿತಿ ಕಚೇರಿಯ ಆಸುಪಾಸಿನಲ್ಲೋ ಶಾಲೆಯ ಆವರಣದಲ್ಲೋ ತಂತಿ ಬೇಲಿಯೊಳಗೆ ಒಂದು ಕಂಬ, ಅದಕ್ಕೊಂದು ಪುಟ್ಟ ಸೌರ ಫಲಕ, ಪಕ್ಕದಲ್ಲಿ ಒಂದು ಡಬ್ಬಿ ನೋಡಿರಬಹುದು. ಅದೇ ಮಾಪಕ. ಮೇಲೆ ಆಲಿಕೆ ಇರುತ್ತೆ, ಒಳಗೆ ಎರಡು ಸಣ್ಣ ಬಟ್ಟಲು. ಒಂದು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತೆ, ಇನ್ನೊಂದು ಮೇಲೆ ಬಂದು ನಿಲ್ಲುತ್ತೆ. ಎಷ್ಟು ಸಲ ವಾಲಿತು ಅನ್ನುವ ಲೆಕ್ಕವೇ ಮಳೆಯ ಲೆಕ್ಕ. ಒಳಗಿನ ಸಿಮ್ ಪ್ರತಿ 15 ನಿಮಿಷಕ್ಕೊಮ್ಮೆ ಆ ಲೆಕ್ಕವನ್ನು ಯಲಹಂಕಕ್ಕೆ ಕಳಿಸುತ್ತೆ. ಇದರ ಆಧಾರದ ಮೇಲೆಯೇ 'ವರುಣ ಮಿತ್ರ' ಸಹಾಯವಾಣಿಯವರು ನಿಮ್ಮ ಹೋಬಳಿಗೆ ಮಳೆ ಮುನ್ಸೂಚನೆ ಹೇಳುತ್ತಾರೆ. ಸಿಡಿಲು ಎಲ್ಲಿ ಬೀಳಬಹುದು ಅಂತ ಎಚ್ಚರಿಸಲು 'ಸಿಡಿಲು' ಅನ್ನುವ ಆ್ಯಪ್ ಮಾಡಿದ್ದೂ ಇದೇ ಕೇಂದ್ರ.

ಈಗ ಅದೇ ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡಿತು ಅಂದುಕೊಳ್ಳಿ. ಅಥವಾ ಬ್ಯಾಟರಿ ಸತ್ತಿತು, ಪಕ್ಕದ ಬೇವಿನ ಮರ ಬೆಳೆದು ಮೇಲೆ ಚಾಚಿತು. ಮಳೆ ಬಂದರೂ ಲೆಕ್ಕಕ್ಕೆ ಬರುವುದಿಲ್ಲ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆ ಪೂರ್ತಿ ನಿಂತಿರುವುದು ಈ ಡಬ್ಬಿಯ ಲೆಕ್ಕದ ಮೇಲೆ. ತೋಟಕ್ಕೆ ಯಾರೂ ಬಂದು ನೋಡುವುದಿಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರು ಮಾಪಕ ಕೆಟ್ಟು ವಿಮೆ ಹಣಕ್ಕೆ ಅಡ್ಡಿಯಾಗಿದೆ ಅಂತ ದೂರುತ್ತಿರುವುದು ಇದಕ್ಕೇ. ಯಂತ್ರ ಕೊಳ್ಳಲು ಬಜೆಟ್‌ನಲ್ಲಿ ಸುಲಭವಾಗಿ ಹಣ ಸಿಗುತ್ತೆ, ಅದನ್ನು ಒರೆಸಿ ಇಟ್ಟುಕೊಳ್ಳಲು ಸಿಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವ ವಿಷಯ ಇದು.

ಅಳೆದ ಮೇಲೆ ಬರ ಘೋಷಣೆ. ಇದನ್ನು ರಾಜ್ಯ ತನಗೆ ಬೇಕಾದ ಹಾಗೆ ಮಾಡುವಂತಿಲ್ಲ. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರವೇ ನಡೆಯಬೇಕು. ಮೊದಲು ಮಳೆ ಕೊರತೆ ಮತ್ತು ಒಣ ಅವಧಿ. ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾಗಿರಬೇಕು. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಕೆರೆ–ಜಲಾಶಯದ ನೀರು. ಅಷ್ಟಾದ ಮೇಲೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲದಲ್ಲೇ ಬೆಳೆ ನೋಡಬೇಕು. ಎಲ್ಲ ಕೂಡಿ 'ತೀವ್ರ' ಅಂತ ಬಂದರೆ ಮಾತ್ರ ರಾಷ್ಟ್ರೀಯ ವಿಪತ್ತು ನಿಧಿಯ ಹಣ ಕೇಳಬಹುದು. 'ಸಾಧಾರಣ' ಅಂತ ಬಂದರೆ ಕೇಳುವ ಹಾಗಿಲ್ಲ. ಮೊದಲು ಹಾಗಿರಲಿಲ್ಲ, 2016ರಲ್ಲಿ ಬಿಗಿ ಮಾಡಿದರು. ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಸರಾಸರಿ ಮಳೆಯೇ ಕಡಿಮೆ. ಅಲ್ಲಿ ಶೇಂಗಾ ಹೂ ಬಿಟ್ಟು ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೂ ಬೆಳೆ ಹೋಗುತ್ತೆ. ಮೂರು–ನಾಲ್ಕು ವಾರ ಅನ್ನುವ ಅಳತೆ ಎಲ್ಲ ಮಣ್ಣಿಗೂ ಎಲ್ಲ ಬೆಳೆಗೂ ಒಂದೇ ಆಗಿರುವುದು ನನ್ನ ಪ್ರಕಾರ ತಪ್ಪು. ರಾಜ್ಯಗಳು ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು.

2023ರಲ್ಲಿ ಏನಾಯಿತು ನೋಡಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು, ಅದರಲ್ಲಿ 196 ತೀವ್ರ. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾಳಾಗಿದೆ ಅಂತ ರಾಜ್ಯ ಲೆಕ್ಕ ಕೊಟ್ಟು 18,171 ಕೋಟಿ ರೂಪಾಯಿ ಕೇಳಿತು. ತಿಂಗಳು ಕಳೆದರೂ ಹಣ ಬರಲಿಲ್ಲ. ಮಧ್ಯಂತರವಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ರಾಜ್ಯವೇ ಹಾಕಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್‌ನಲ್ಲಿ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಯಾರು ಸರಿ ಯಾರು ತಪ್ಪು ಅನ್ನುವ ರಾಜಕೀಯ ಜಗಳ ಬಹಳ ನಡೆಯಿತು. ನನಗೆ ಮುಖ್ಯ ಅನ್ನಿಸುವುದು ದಿನಾಂಕ. ಮುಂಗಾರು ಕೈಕೊಟ್ಟಿದ್ದು ಆಗಸ್ಟ್‌ನಲ್ಲಿ, ಹಣ ಬಂದಿದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ರೈತ ಬಡ್ಡಿ ಸಾಲ ಮಾಡಿ, ದನ ಮಾರಿ ಆಗಿರುತ್ತೆ.

ಮೊತ್ತವನ್ನೂ ನೋಡೋಣ. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್ ಮಿತಿ. ನಿಮ್ಮ ನಾಲ್ಕು ಎಕರೆಗೆ ಸುಮಾರು 13,750 ರೂಪಾಯಿ ಆಗುತ್ತೆ. ನಾಲ್ಕು ಎಕರೆ ಶೇಂಗಾಕ್ಕೆ ಬಿತ್ತನೆ ಬೀಜಕ್ಕೇ ಎಷ್ಟು ಖರ್ಚು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ರಾಜ್ಯಕ್ಕೆ ಇದು ಗೊತ್ತಿದೆ. 2021ರ ಕೊನೆಯಲ್ಲಿ ಮಳೆಹಾನಿಗೆ ಖುಷ್ಕಿ ದರವನ್ನು 6,800ರಿಂದ 13,600ಕ್ಕೆ ಏರಿಸಿತ್ತು. 2025ರ ಪ್ರವಾಹದ ಹೊತ್ತಿಗೆ ಕೇಂದ್ರದ ದರದ ಮೇಲೆ ಹೆಕ್ಟೇರಿಗೆ ಇನ್ನೂ 8,500 ತನ್ನ ಕೈಯಿಂದ ಸೇರಿಸಿತು. ಪಕ್ಷ ಬೇರೆ ಬೇರೆ, ಮಾಡಿದ್ದು ಒಂದೇ ಕೆಲಸ. ಇದನ್ನು ಮೆಚ್ಚಬೇಕು.

ಆದರೆ ಈ ಹಣದ ಹಿಂದಿನ ಲೆಕ್ಕ ನೋಡಿ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ಹಣವನ್ನು ಹೀಗೆ ಹಂಚಿತು: ತುರ್ತು ಪರಿಹಾರಕ್ಕೆ ಶೇ 40, ಮತ್ತೆ ಕಟ್ಟಿಕೊಳ್ಳಲು ಶೇ 30, ತಯಾರಿಗೆ ಶೇ 10, ಮುಂದೆ ಹಾನಿ ಆಗದಂತೆ ತಡೆಯಲು ಶೇ 20. ಅಂದರೆ ನೂರು ರೂಪಾಯಿಯಲ್ಲಿ ಎಪ್ಪತ್ತು ಅನಾಹುತ ಆದ ಮೇಲಿನ ಕೆಲಸಕ್ಕೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ತಡೆಯುವುದಕ್ಕೆ ಅಂತ ಬೇರೆಯೇ ನಿಧಿ ಬಂದಿದ್ದು ಅದೇ ಮೊದಲು, ಅದು ಒಳ್ಳೆಯ ಹೆಜ್ಜೆ. ಆದರೂ ಸಾಲದು. ಜೊತೆಗೆ ಇನ್ನೊಂದು ತೊಡಕು. ಸಿಡಿಲು, ಬಿಸಿಗಾಳಿ ಕೇಂದ್ರದ ವಿಪತ್ತು ಪಟ್ಟಿಯಲ್ಲೇ ಇರಲಿಲ್ಲ. ಅವಕ್ಕೆ ರಾಜ್ಯ ತನ್ನ ವಿಪತ್ತು ನಿಧಿಯ ಶೇ 10ರೊಳಗೇ ಹೊಂದಿಸಬೇಕಿತ್ತು.

ಬಿಸಿಲಿನ ಮಾತು ಬಂತು ಅಂತ ಹೇಳುತ್ತೇನೆ. ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತೆ. ಹವಾಮಾನಕ್ಕೆ ಹೊಂದಿಕೊಳ್ಳುವುದು ಅಂದರೆ ಇದೇ, ಸರಳವಾದ ಒಂದು ಆದೇಶ. ಆದರೆ ಅದೇ ಊರಿನಲ್ಲಿ ಕಟ್ಟಡ ಕೆಲಸದವರು, ಹಮಾಲರು, ತಳ್ಳುಗಾಡಿಯವರು ಮಧ್ಯಾಹ್ನ 2ಕ್ಕೂ ಬಿಸಿಲಲ್ಲೇ ಇರುತ್ತಾರೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕಿದ್ದು ಅವರಿಗೂ ಸಿಗಬೇಕಲ್ವಾ? ಕಾರ್ಮಿಕ ಇಲಾಖೆ ಗಟ್ಟಿ ಮನಸ್ಸು ಮಾಡಿದರೆ ಇದು ಸಾಧ್ಯ.

ಮೊದಲೇ ತಡೆಯುವ ಕೆಲಸ ಯಾಕೆ ಕಷ್ಟ ಅನ್ನೋದಕ್ಕೆ ಉತ್ತರ ಕರ್ನಾಟಕದ 'ಆಸರೆ' ಮನೆಗಳಿಗಿಂತ ಒಳ್ಳೆಯ ಪಾಠ ಇಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಕೃಷ್ಣಾ, ಮಲಪ್ರಭಾ, ತುಂಗಭದ್ರಾ ತೀರದ ಊರುಗಳು ಮುಳುಗಿದವು. 200ಕ್ಕೂ ಜಾಸ್ತಿ ಜನ ಸತ್ತರು. ಸರ್ಕಾರ ಹೊಳೆದಂಡೆಯ ಹಳ್ಳಿಗಳನ್ನೇ ಎತ್ತರದ ಜಾಗಕ್ಕೆ ಸಾಗಿಸಲು ಹೊರಟಿತು. ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿದವು. ಸಾವಿರಾರು ಮನೆ ಎದ್ದವು. ಯೋಚನೆ ಸರಿಯಾಗಿತ್ತು. ಆದರೆ ಎಷ್ಟೋ ಮನೆಗಳು ಇವತ್ತೂ ಖಾಲಿ, ಸುತ್ತ ಜಾಲಿ ಬೆಳೆದಿದೆ. ಜನ ಹಳೆಯ ಊರಿಗೇ ವಾಪಸ್ ಹೋದರು. ಯಾಕೆ ಗೊತ್ತಾ? ಹೊಸ ಮನೆಯಲ್ಲಿ ಎತ್ತು ಕಟ್ಟಲು ಜಾಗ ಇಲ್ಲ. ಬಣವೆ ಒಟ್ಟಲು ಹಿತ್ತಿಲಿಲ್ಲ. ಹೊಲಕ್ಕೆ ಹೋಗಲು ಬಹಳ ದೂರ. ಕೆಲವು ಕಡೆ ಹಕ್ಕುಪತ್ರವೇ ಕೈಗೆ ಬರಲಿಲ್ಲ. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಮೂವರಿದ್ದರೆ ಮನೆ ಒಂದೇ. 2019ರ ಆಗಸ್ಟ್‌ನಲ್ಲಿ ಮತ್ತೆ ನೀರು ಬಂದಾಗ ಅದೇ ಹಳೆಯ ಊರುಗಳಿಂದ ಅದೇ ಜನರನ್ನು ಮತ್ತೆ ಬೋಟಿನಲ್ಲಿ ತರಬೇಕಾಯಿತು. ಮನೆ ಕಟ್ಟುವ ಮೊದಲು ಆ ಮನೆಯ ಹೆಂಗಸರನ್ನು ಕೂರಿಸಿಕೊಂಡು, ನಿಮ್ಮ ಎಮ್ಮೆ ಎಲ್ಲಿ ಕಟ್ಟುತ್ತೀರಿ ಅಂತ ಕೇಳಿದ್ದರೆ ಅರ್ಧ ತಪ್ಪು ಆಗುತ್ತಲೇ ಇರಲಿಲ್ಲ.

ನಿಮ್ಮ ಕಡೆಯ ನೀರಿನ ವಿಷಯಕ್ಕೆ ಬರೋಣ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಖುಷ್ಕಿ ರೈತನಿಗೆ ನೇರವಾಗಿ ಉಪಯೋಗವಾದ ಯೋಜನೆ. ಹೊಲದಲ್ಲಿ ಹೊಂಡ, ಅದಕ್ಕೆ ಪಾಲಿಥೀನ್ ಹೊದಿಕೆ, ನೀರೆತ್ತಲು ಪಂಪು, ಜೊತೆಗೆ ತುಂತುರು ಅಥವಾ ಹನಿ ನೀರಾವರಿ. ಜೋರು ಮಳೆ ಬಂದಾಗ ಹರಿದು ಹೋಗುವ ನೀರನ್ನು ಹಿಡಿದಿಟ್ಟು, ಊಡು ಇಳಿಯುವ ವಾರದಲ್ಲಿ ಒಂದೇ ಒಂದು ನೀರು ಕೊಟ್ಟರೆ ಶೇಂಗಾ ಉಳಿಯುತ್ತೆ. ಮಳೆ ಹೀಗೆ ಹೆಚ್ಚುಕಡಿಮೆಯಾದಾಗ ಬೇಕಾಗಿರುವುದು ಇಂಥದ್ದೇ. ಆದರೆ ನಡುವೆ ಸರ್ಕಾರ ಬದಲಾದಾಗ ಯೋಜನೆ ನಿಂತಿತು, 2023ರ ನಂತರ ಮತ್ತೆ ಬಂತು. ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸ ಹತ್ತು, ಇಪ್ಪತ್ತು ವರ್ಷ ಸತತವಾಗಿ ನಡೆಯಬೇಕು. ಹೆಸರು ಬದಲಿಸಲಿ, ಬೇಡ ಅನ್ನಲ್ಲ. ಕೆಲಸ ನಿಲ್ಲಿಸಬಾರದು.

ಭದ್ರಾ ಮೇಲ್ದಂಡೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆ ತುಂಬಿಸುವ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು. ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಮತ್ತೆ ಮತ್ತೆ ಹೇಳುತ್ತಿದೆ. ಇಲ್ಲಿ ನಾನು ಒತ್ತಿ ಹೇಳಬೇಕಾದ್ದು ಒಂದೇ. ಕಾಲುವೆ ಬರುತ್ತೆ ಅಂತ ಕಾಯುತ್ತಾ ಕೆರೆ ಹೂಳು, ಬದು, ಹೊಂಡದ ಕೆಲಸ ಬಿಡಬಾರದು. ಕಾಲುವೆ ಬಂದರೂ ನೀರು ನಿಲ್ಲಬೇಕಾದ್ದು ಅದೇ ಕೆರೆಯಲ್ಲಿ.

ಕೋಲಾರದಲ್ಲಿ ಬೇರೆ ದಾರಿ ಹಿಡಿದರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರ್ ಅನ್ನುವುದು ಅದರ ಗುರಿ. ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿದೆ, ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ. ಆದರೆ ಸಂಸ್ಕರಣೆ ಎರಡನೇ ಹಂತದವರೆಗೆ ಮಾತ್ರ, ಮೂರನೇ ಹಂತವೂ ಬೇಕು ಅಂತ ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ನನ್ನ ನಿಲುವು ಅವರದೇ. ನೀರಿಲ್ಲದ ಜಿಲ್ಲೆ ಅಂದ ಮಾತ್ರಕ್ಕೆ ಅರ್ಧ ಶುದ್ಧ ಮಾಡಿದ ನೀರು ಸಾಕು ಅನ್ನುವಂತಿಲ್ಲ. ಅಲ್ಲಿ ಬೆಳೆದ ಸೊಪ್ಪು, ಟೊಮೆಟೊ ತಿನ್ನುವುದು ನಾವೇ.

ಇನ್ನು ಕರೆಂಟು. ಹೊಗೆ ಕಡಿಮೆ ಮಾಡುವ ಕೆಲಸದಲ್ಲಿ ಕರ್ನಾಟಕದ ಹೆಸರು ಬಂದಿರುವುದೇ ಇದರಿಂದ. ಜಲವಿದ್ಯುತ್ ಸೇರಿಸಿದರೆ ರಾಜ್ಯದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲು ಬೇಡದ ಮೂಲದ್ದು. ನಿಮ್ಮ ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ಸೌರ ಪಾರ್ಕ್ ಇದೆ. ಅಲ್ಲಿ ಜಮೀನು ಸ್ವಾಧೀನ ಮಾಡಿಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಇರುತ್ತೆ. ಬೇರೆ ರಾಜ್ಯಗಳು ಇದನ್ನು ನೋಡಿ ಕಲಿಯಬೇಕು. ಆದರೆ ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು, ಕುರಿಯವರಿಗೆ ಮೇವಿನ ಜಾಗ ಹೋಯಿತು. ಗುತ್ತಿಗೆ ಹಣದಲ್ಲಿ ಅವರಿಗೆ ಪಾಲಿಲ್ಲ. ಮುಂದಿನ ಪಾರ್ಕ್ ಮಾಡುವಾಗ ಇದನ್ನು ಮೊದಲೇ ಸರಿ ಮಾಡಬೇಕು.

ಬರ ಮತ್ತು ಕರೆಂಟು ಹೇಗೆ ಒಂದಕ್ಕೊಂದು ಗಂಟು ಬಿದ್ದಿವೆ ಅನ್ನೋದು 2023ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಮಳೆ ಇಲ್ಲ, ಜಲಾಶಯದಲ್ಲಿ ನೀರಿಲ್ಲ, ಜಲವಿದ್ಯುತ್ ಕಡಿಮೆ. ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್ ಎಲ್ಲ ಓಡುತ್ತಿವೆ. ಪಂಜಾಬ್, ಉತ್ತರ ಪ್ರದೇಶದಿಂದ ಕೊಡುಕೊಳ್ಳುವ ಲೆಕ್ಕದಲ್ಲಿ ವಿದ್ಯುತ್ ತಂದರು. ಖಾಸಗಿ ಉತ್ಪಾದಕರು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕು ಅಂತ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಆದೇಶ ಮಾಡಿದರು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಅದನ್ನು ಕಿತ್ತುಕೊಳ್ಳಿ ಅನ್ನುವವರ ಸಾಲಿನಲ್ಲಿ ನಾನಿಲ್ಲ, ಖುಷ್ಕಿ ಜಿಲ್ಲೆಗಳ ಬದುಕು ಅದರ ಮೇಲಿದೆ. ಆದರೆ ಅಂತರ್ಜಲ ಇಳಿಯುತ್ತಿರುವುದಕ್ಕೆ ಅದೂ ಒಂದು ಕಾರಣ ಅನ್ನೋದನ್ನು ಮುಚ್ಚಿಡಬಾರದು. ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸುವ ಕೆಲಸ ನಡೆಯುತ್ತಿದೆ. ಅದು ಪೂರ್ತಿಯಾದರೆ ತ್ರೀಫೇಸ್ ಹಗಲಲ್ಲೇ ಸಿಗುತ್ತೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಹಾವಿನ ಭಯದಲ್ಲಿ ಮೋಟರ್ ಹಾಕಲು ಹೋಗುವುದು ತಪ್ಪುತ್ತೆ. ಇಷ್ಟು ಸಾಕಲ್ವಾ ಆ ಯೋಜನೆಯನ್ನು ಬೆಂಬಲಿಸಲು?

ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಹಗಲಲ್ಲಿ ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಗೆ ಹರಿಸಿ ಕರೆಂಟು ತೆಗೆಯುವುದು) ಮಾಡುತ್ತೇವೆ ಅಂತ ಹೊರಟಿದ್ದಾರೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕ ಇರುವ ಕಾಡಿನಲ್ಲಿ. ಕೂಡಿಡುವ ವ್ಯವಸ್ಥೆ ಬೇಕೇ ಬೇಕು. ಆದರೆ 2018ರಲ್ಲಿ ಕೊಡಗು, 2020ರಲ್ಲಿ ತಲಕಾವೇರಿ, 2024ರಲ್ಲಿ ಅಂಕೋಲಾದ ಶಿರೂರು ಗುಡ್ಡ ಕುಸಿದಿದ್ದನ್ನು ನೋಡಿದ ಮೇಲೆ ಘಟ್ಟವನ್ನು ಮತ್ತೆ ಕೊರೆಯಬಾರದು ಅಂತಲೇ ನಾನು ಹೇಳುತ್ತೇನೆ. ಪಶ್ಚಿಮಘಟ್ಟದಲ್ಲಿ ನಮ್ಮ ರಾಜ್ಯಕ್ಕೆ ಸೇರಿದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಅಂತ ಗುರುತಿಸುವ ಕೇಂದ್ರದ ಕರಡನ್ನು ರಾಜ್ಯ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಶಿರೂರು ಗುಡ್ಡ ಕುಸಿದು ಎರಡು ತಿಂಗಳಾಗಿತ್ತು ಅಷ್ಟೇ. ಮಲೆನಾಡಿನ ಜನರ ಭಯ ನಿಜವಾದದ್ದು, ಮನೆ ಕಟ್ಟಲೂ ಬಿಡುವುದಿಲ್ಲ ಅನ್ನುವ ಆತಂಕ ಅವರಿಗಿದೆ. ಅವರ ಜೊತೆ ಕೂತು ಯಾವುದಕ್ಕೆ ನಿರ್ಬಂಧ, ಯಾವುದಕ್ಕಿಲ್ಲ ಅಂತ ಊರೂರಿನಲ್ಲಿ ಹೇಳುವ ಕೆಲಸ ಆಗಲೇ ಇಲ್ಲ.

ಬೆಂಗಳೂರಿಗೆ 2023ರ ನವೆಂಬರ್‌ನಲ್ಲಿ ಬೇರೆಯದೇ ಹವಾಮಾನ ಕ್ರಿಯಾ ಯೋಜನೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ನಿಮ್ಮ ಪ್ರಶ್ನೆ ಹೊಲದ್ದು.

ಹೊಲದ ಮಾತಿಗೆ ಸೇರಿಸಿ ಇನ್ನೊಂದು ವಿಷಯ. ನಿಮ್ಮ ಸೀಮೆ ಹಿಂದೆ ನವಣೆ, ಸಾಮೆಯ ಸೀಮೆ. ಕಡಿಮೆ ಮಳೆಗೆ ಅವು ತಡೆಯುತ್ತವೆ. 'ರೈತ ಸಿರಿ' ಯೋಜನೆಯಲ್ಲಿ ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇಟ್ಟರು. ಆದರೆ ರಾಗಿ, ಜೋಳಕ್ಕೆ ಇರುವ ಕೇಂದ್ರದ ಬೆಂಬಲ ಬೆಲೆ ನವಣೆ, ಸಾಮೆಗಿಲ್ಲ. ಕೊಳ್ಳುವವರು ಗಟ್ಟಿ ಇಲ್ಲದೆ ಬೆಳೆ ಬದಲಿಸು ಅಂತ ರೈತನಿಗೆ ಹೇಳುವುದು ನ್ಯಾಯವಲ್ಲ. ಅಂಗನವಾಡಿ, ಹಾಸ್ಟೆಲ್, ಪಡಿತರಕ್ಕೆ ರಾಜ್ಯವೇ ಕೊಂಡರೆ ಶೇಂಗಾದ ಜೊತೆ ಒಂದೆರಡು ಎಕರೆ ನವಣೆ ತಾನಾಗಿ ಬರುತ್ತೆ.

ಈಗ ನೀವು ಏನು ಮಾಡಬಹುದು ಅನ್ನೋದು.

ಮೇ ತಿಂಗಳಲ್ಲೇ ನಿಮ್ಮ ಪಂಚಾಯಿತಿಯ ಮಳೆ ಮಾಪಕ ಎಲ್ಲಿದೆ ಹುಡುಕಿ. ಮೇಲೆ ಮರದ ಕೊಂಬೆ ಇದೆಯಾ, ಸೌರ ಫಲಕ ಸರಿಯಿದೆಯಾ ನೋಡಿ. ಒಂದು ಜೋರು ಮಳೆ ಬಂದ ಮರುದಿನ ವರುಣ ಮಿತ್ರಕ್ಕೆ ಫೋನ್ ಮಾಡಿ ನಮ್ಮ ಪಂಚಾಯಿತಿಗೆ ಎಷ್ಟು ದಾಖಲಾಗಿದೆ ಅಂತ ಕೇಳಿ. ಹೊಂದುತ್ತಿಲ್ಲ ಅಂದರೆ ಪಿಡಿಒ ಮತ್ತು ತಹಶೀಲ್ದಾರ್‌ಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಹಂಗಾಮು ಮುಗಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿದೆಯಾ ನೋಡಿಕೊಳ್ಳಿ. ಸೇರದ ತುಂಡಿಗೆ ಪರಿಹಾರ ಬರುವುದಿಲ್ಲ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ಸಮೀಕ್ಷೆಯವರು ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಅಂತ ಕಾಣುತ್ತೆ. ಶೇಂಗಾ ಇರುವ ಕಡೆ ಪಾಳು ಅಂತಲೋ ತೊಗರಿ ಅಂತಲೋ ಇದ್ದರೆ ಗಡುವು ಮುಗಿಯುವ ಮೊದಲೇ ಆಕ್ಷೇಪಣೆ ಹಾಕಿ. ಪರಿಹಾರ, ಫಸಲ್ ಬಿಮಾ ಎರಡಕ್ಕೂ ಅದೇ ಆಧಾರ. ಮುಂಗಾರು ಬೆಳೆಗೆ ವಿಮಾ ಕಂತು ವಿಮೆ ಮೊತ್ತದ ಶೇ 2 ಮಾತ್ರ, ಶೇಂಗಾಕ್ಕೆ ಕಟ್ಟದೆ ಇರಬೇಡಿ. ನಿಮ್ಮ ಊರಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ನಾಲ್ಕು ಜನ ರೈತರು ಅಲ್ಲಿ ನಿಂತು ತೂಕ ನೋಡಿ. ಇಡೀ ಪಂಚಾಯಿತಿಯ ವಿಮೆ ಆ ಕೆಲವೇ ತುಣುಕು ಹೊಲಗಳ ತೂಕದ ಮೇಲೆ ನಿಂತಿರುತ್ತೆ.

ಗ್ರಾಮಸಭೆಯಲ್ಲಿ ಕೆರೆ ಹೂಳು, ಬದು, ಕೃಷಿ ಹೊಂಡವನ್ನು ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಿಸಿ ಅಂತ ನಡಾವಳಿಯಲ್ಲಿ ಬರೆಸಿ.

ಶಾಸಕರನ್ನು ಪರಿಹಾರ ಯಾವಾಗ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಬೇರೆ ಪ್ರಶ್ನೆ ಕೇಳಿ: ಹಾನಿ ತಡೆಯಲು ಇರುವ ಶೇ 20ರ ನಿಧಿಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಎಷ್ಟು ಬಂತು, ಚಳ್ಳಕೆರೆಯಲ್ಲಿ ಯಾವ ಕೆಲಸಕ್ಕೆ ಹೋಯಿತು? ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ಯೋಜನೆ ಇರಬೇಕು, ಜಿಲ್ಲಾಧಿಕಾರಿಯೇ ಆ ಪ್ರಾಧಿಕಾರದ ಅಧ್ಯಕ್ಷರು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಆ ಯೋಜನೆಯ ಪ್ರತಿ ಮತ್ತು ಖರ್ಚಿನ ವಿವರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು.